ಹಳೇ ಲಾರಿಗೆ ಬೇರೆ ಇಂಜಿನ್ ಕೂರಿಸಬೇಕಾ?

ಪುಣೆಯ ನಿಗಡಿ ಟ್ರಾನ್ಸ್‌ಪೋರ್ಟ್ ನಗರದ ನಮ್ಮ ವರ್ಕ್‌ಶಾಪಿಗೆ ವಿಜಯಪುರ, ಬೆಳಗಾವಿ ಕಡೆಯ ಮಾಲೀಕರು ಬರುವಾಗಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. "ಖಂಬಾಟಕಿ ಘಾಟ್ ಏರವಲ್ದು, ಇಂಜಿನ್ ಮುಗೀತ್ರಿ. ದೊಡ್ಡದೊಂದು ಕೂಡಿಸಿಬಿಡ್ರಿ." ನಾನು ಮೊದಲು ಕೇಳೋದು ಏರ್ ಫಿಲ್ಟರ್ ಯಾವಾಗ ಬದಲಿಸಿದಿರಿ ಅಂತ. ಫಿಲ್ಟರ್ ಕಟ್ಟಿದ್ದರೂ, ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೋದ ಹೋಸ್ ಒಡೆದಿದ್ದರೂ, ಡೀಸೆಲ್ ಪಂಪ್ ಸೆಟ್ಟಿಂಗ್ ತಪ್ಪಿದ್ದರೂ ಎಳೆತ ಹೋಗುತ್ತದೆ. ಬ್ರೇಕ್ ಹಿಡಿದುಕೊಂಡೇ ಓಡುವ ಲಾರಿಯೂ ಘಾಟ್ ಏರಲ್ಲ.

ಇಂಜಿನ್ ನಿಜಕ್ಕೂ ಸವೆದಿದೆಯಾ ನೋಡಬೇಕಾ? ಅದು ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಡಿ. ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಬಾಯಿ ಮೇಲೆ ಸುಮ್ನೆ ಇಡಿ. ಮುಚ್ಚಳ ಕುಣಿದು ಬಿದ್ದು, ಒಳಗಿಂದ ಭುಸುಭುಸು ಹೊಗೆ ಬಂದರೆ ಅದು ಬ್ಯಾಕ್ ಕಂಪ್ರೆಷನ್. ಪಿಸ್ಟನ್ನಿನ ರಿಂಗ್, ಪಿಸ್ಟನ್ ಓಡಾಡುವ ಕೊಳವೆ ಅಂದರೆ ಲೈನರ್ ಸವೆದು ಗ್ಯಾಸ್ ಕೆಳಗಿಳಿಯುತ್ತಿದೆ ಎಂದರ್ಥ. ಮುಚ್ಚಳ ಕದಲದೆ ಸೈಲೆನ್ಸರಿನಲ್ಲಿ ಮಾತ್ರ ನೀಲಿ ಹೊಗೆ ಇದ್ದರೆ ವಾಲ್ವ್ ಗೈಡ್ ಅಥವಾ ಟರ್ಬೋ ಸೀಲ್ ಮೇಲೆ ನನಗೆ ಅನುಮಾನ. ಕಪ್ಪು ಹೊಗೆಯ ಕಥೆ ಬೇರೆ. ಅಲ್ಲಿ ಡೀಸೆಲ್ ಜಾಸ್ತಿ, ಗಾಳಿ ಕಮ್ಮಿ.

ಬ್ಯಾಕ್ ಕಂಪ್ರೆಷನ್ ಇದೆ ಅಂದ ಮಾತ್ರಕ್ಕೆ ಇಂಜಿನ್ ಎಸೆಯಬೇಕಿಲ್ಲ. ಲೈನರ್, ಪಿಸ್ಟನ್ ಬದಲಿಸಬಹುದು. ತೀರ್ಮಾನ ನಿಂತಿರೋದು ಬ್ಲಾಕ್ (ಇಂಜಿನ್ನಿನ ಮುಖ್ಯ ಒಡಲು) ಮತ್ತು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮೇಲೆ. ಕ್ರ್ಯಾಂಕನ್ನು ಸಾಮಾನ್ಯವಾಗಿ 0.25 ಮಿಮೀ ಮೆಟ್ಟಿಲಲ್ಲಿ ಅರೆದು, ಅದೇ ಸೈಜಿನ ಬೇರಿಂಗ್ ಹಾಕುತ್ತಾರೆ. ಹೀಗೆ ಅರೆಯಲು ಇನ್ನೂ ಒಂದೆರಡು ಸೈಜ್ ಉಳಿದಿದ್ದು, ಬ್ಲಾಕಿನಲ್ಲಿ ಬಿರುಕಿಲ್ಲ ಅಂದರೆ ನನ್ನ ಓಟು ಫುಲ್ ಇಂಜಿನ್ ಕೆಲಸಕ್ಕೆ, ಅಂದರೆ ಇದೇ ಇಂಜಿನ್ ಪೂರ್ತಿ ಬಿಚ್ಚಿ ರಿಪೇರಿ ಮಾಡೋದಕ್ಕೆ. ಕೊನೇ ಸೈಜೂ ಮುಗಿದು ಬ್ಲಾಕೂ ಸೀಳಿದ್ದರೆ ಮಾತ್ರ ಬೇರೆ ಇಂಜಿನ್. ಅದೂ ಅದೇ ಮಾಡೆಲಿನದು.

ದೊಡ್ಡ ಇಂಜಿನ್ ಯಾಕೆ ಬೇಡ? ಟಾರ್ಕ್ (ತಿರುಗಿಸುವ ಬಲ) ಏರಿದರೆ ಆ ಏಟು ಕ್ಲಚ್, ಗೇರ್‌ಬಾಕ್ಸ್, ಜಾಯಿಂಟ್, ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್ ಗೇರ್ ಎಲ್ಲಕ್ಕೂ ಬೀಳುತ್ತದೆ. ರೇಡಿಯೇಟರೂ ಸಾಲಲ್ಲ. ಹಳೇ ಟರ್ಬೋ ಇಲ್ಲದ ಇಂಜಿನ್ನಿಗೆ ಟರ್ಬೋ ಸಿಕ್ಕಿಸಿ ಅನ್ನುವವರೂ ಇದ್ದಾರೆ. ಆ ಬಿಸಿ ತಡೆಯುವ ಪಿಸ್ಟನ್, ಕೆಳಗಿಂದ ಆಯಿಲ್ ಚಿಮ್ಮಿಸುವ ಜೆಟ್ ಅದರಲ್ಲಿ ಇಲ್ಲದಿದ್ದರೆ ಪಿಸ್ಟನ್ ಕರಗಬಹುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಬಿಗಿ ಹೊಗೆ ನಿಯಮದ) ಇಂಜಿನ್ ತಂದರೆ ಅದರ ಕಂಪ್ಯೂಟರ್ ಆದ ಇಸಿಯು, ವೈರಿಂಗ್, ಸೈಲೆನ್ಸರ್ ಸೆಟ್ ಎಲ್ಲಾ ಜೊತೆಗೇ ಬರಬೇಕು. ಅಷ್ಟು ದುಡ್ಡಿದ್ದರೆ ಲಾರಿಯನ್ನೇ ಬದಲಿಸಿ.

ಸವೆದ ಇಂಜಿನ್ನನ್ನು ಹಾಗೇ ಓಡಿಸಿದರೆ ಆಗುವ ನಷ್ಟದ ಲೆಕ್ಕವನ್ನೂ ಹಾಕಿ. ತಿಂಗಳಿಗೆ 6,000 ಕಿಮೀ ಓಡುವ ಲಾರಿ ಲೀಟರಿಗೆ 4 ಕಿಮೀ ಬದಲು 3.5 ಕೊಟ್ಟರೆ 214 ಲೀಟರ್ ಜಾಸ್ತಿ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ 19,000 ರೂಪಾಯಿಗಿಂತ ಮೇಲೆ. ಆದರೆ 8 ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಪಾಸಿಂಗ್, ಅಂದರೆ ಫಿಟ್‌ನೆಸ್ ತಪಾಸಣೆ. ಚಾಸಿ ತುಕ್ಕು ತಿಂದಿದ್ದರೆ ಒಳ್ಳೇ ಇಂಜಿನ್ ಇಟ್ಟು ಏನು ಮಾಡ್ತೀರಿ, ಅಲ್ವಾ?

ಬೇರೆ ಇಂಜಿನ್ನೇ ಆಗಬೇಕು ಅಂದರೆ ಕೂರಿಸುವ ಮೊದಲೇ ಆರ್‌ಟಿಒ ಅನುಮತಿ ತಗೊಳ್ಳಿ. ಬಿಲ್ ಇಲ್ಲದ ಗುಜರಿ ಇಂಜಿನ್ ಕಳವಿನದೂ ಆಗಿರಬಹುದು, ಮುಟ್ಟಬೇಡಿ. ಹೊಸ ಇಂಜಿನ್ ನಂಬರ್ ಆರ್‌ಸಿಯಲ್ಲಿ ಸೇರಿಸಿ, ವಿಮೆ ಕಂಪನಿಗೂ ತಿಳಿಸಿ. ನಂಬರ್ ಹೊಂದದಿದ್ದರೆ ಪಾಸಿಂಗ್‌ನಲ್ಲೂ ತಕರಾರು, ಕ್ಲೇಮ್‌ನಲ್ಲೂ ತಕರಾರು.