ಕೆಂಪು ಗೆರೆಯ ಆಚೆಗಿದ್ದ ಗ್ಯಾರೇಜು

ಮೇಜಿನ ಮೇಲೆ ಭೂನೋಂದಣಿ ಕಚೇರಿಯ ನಕ್ಷೆ ಹರಡಿದ್ದೆ. ಮನೆ, ಹಿತ್ತಲು, ಸುತ್ತ ಒಂದು ಕೆಂಪು ಗೆರೆ. ಎದುರು ಕೂತಿದ್ದ ಗಂಡ ಹೆಂಡತಿ ಬಗ್ಗಿ ನೋಡಿದರು. "ಇದರಲ್ಲಿ ನಮ್ಮ ಗ್ಯಾರೇಜ್ ಎಲ್ಲಿದೆ?" ಅಂತ ಹೆಂಡತಿ ಕೇಳಿದರು. ಇತ್ತು, ಗೆರೆಯ ಆಚೆ. ನಾಲ್ಕು ವರ್ಷದಿಂದ ಕಾರು ನಿಲ್ಲಿಸುತ್ತಿದ್ದ ಜಾಗ ಅವರದ್ದಲ್ಲ, ಪಕ್ಕದ ಮನೆಯವರದ್ದು.

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಕಾಗದಪತ್ರ ನೋಡುವ ಸಾಲಿಸಿಟರ್ ಸಾಮಾನ್ಯವಾಗಿ ಮನೆ ಹತ್ತಿರ ಹೋಗುವುದೇ ಇಲ್ಲ. ಬೇಲಿ ಎಲ್ಲಿದೆ, ಗ್ಯಾರೇಜ್ ಎಲ್ಲಿದೆ ಅಂತ ಕಣ್ಣಾರೆ ಕಂಡವರು ಕೊಳ್ಳುವವರು ಮಾತ್ರ. ಅದಕ್ಕೇ ನಕ್ಷೆಯನ್ನು ಅವರಿಗೆ ಕಳಿಸಿ, "ನೀವು ನೋಡಿದ ಜಾಗ ಇದೇನಾ?" ಅಂತ ಕೇಳಬೇಕು. ಇವರ ಖರೀದಿ ನೋಡಿಕೊಂಡಿದ್ದ ಸಾಲಿಸಿಟರ್‌ನ ಹಳೇ ಫೈಲು ತರಿಸಿ ಪುಟ ಪುಟ ತಿರುವಿದೆ. ನಕ್ಷೆ ಬಂದ ದಿನಾಂಕ ಇತ್ತು. ಇವರಿಗೆ ಕಳಿಸಿದ ಗುರುತು ಇರಲಿಲ್ಲ.

ಹಾಗಾದರೆ ಆ ಸಾಲಿಸಿಟರ್ ಮೇಲಿನ ಕೇಸು ಗೆದ್ದ ಹಾಗೇ ಅಲ್ವಾ? ಇಲ್ಲ, ಕಷ್ಟ ಶುರುವಾಗುವುದೇ ಇಲ್ಲಿಂದ. ತಪ್ಪು ತೋರಿಸಿದರೆ ಸಾಲದು, ಆ ತಪ್ಪಿನಿಂದಲೇ ನಷ್ಟ ಆಯಿತು ಅಂತ ತೋರಿಸಬೇಕು. "ಆಗಲೇ ಗೊತ್ತಾಗಿದ್ದರೆ ಏನು ಮಾಡುತ್ತಿದ್ದಿರಿ?" ಅಂತ ಎಲ್ಲರನ್ನೂ ಕೇಳುತ್ತೇನೆ. "ಸ್ಕೂಲ್ ಹತ್ತಿರ ಇತ್ತು, ಅದೇ ಬೆಲೆಗೆ ಹೇಗೂ ತಗೊಳ್ತಿದ್ವಿ" ಅಂದವರ ದಾವೆ ಅಲ್ಲಿಗೇ ಸೊರಗುತ್ತದೆ. ಇವರು ಮಾತ್ರ ಕೊಳ್ಳುವ ಮೊದಲೇ ಏಜೆಂಟ್‌ಗೆ ಒಂದು ಇಮೇಲ್ ಬರೆದಿದ್ದರು: ಗ್ಯಾರೇಜ್ ಇಲ್ಲದಿದ್ದರೆ ಈ ಮನೆ ನಮಗೆ ಬೇಡ. ನನ್ನ ಹತ್ತು ಪುಟದ ವಾದಕ್ಕಿಂತ ಆ ಒಂದು ಸಾಲಿಗೆ ತೂಕ ಜಾಸ್ತಿ. ಹಳೇ ಇಮೇಲ್ ಅಳಿಸಬೇಡಿ.

ಹಣದ ಲೆಕ್ಕ ಕೇಳಿ ಎಷ್ಟೋ ಜನ ಮುಖ ಸಪ್ಪಗೆ ಮಾಡುತ್ತಾರೆ. ಸಾಮಾನ್ಯವಾಗಿ ಕೋರ್ಟು ನೋಡುವುದು ಕೊಂಡ ದಿನದ ಬೆಲೆ. ನೀವು 3,10,000 ಪೌಂಡ್ ಕೊಟ್ಟಿದ್ದೀರಿ, ಗ್ಯಾರೇಜ್ ಇಲ್ಲದ ಆ ಮನೆ ಅವತ್ತು 2,92,000 ಬಾಳುತ್ತಿತ್ತು ಅಂದುಕೊಳ್ಳಿ. ನಷ್ಟ 18,000. ಹೊಸದು ಕಟ್ಟಿಸಲು 30,000 ಬೇಕು ಅಂದರೂ ಸಾಮಾನ್ಯವಾಗಿ ಅದು ಅಳತೆಗೋಲಲ್ಲ. ಮನಸ್ಸಿಗಾದ ನೋವಿಗೆ ಸಿಗುವುದು ಅಷ್ಟಕ್ಕಷ್ಟೆ.

ಕೇಸು ಹಾಕಲು ಕಾಲಮಿತಿ ಹೇಳುವುದು 1980ರ ಲಿಮಿಟೇಶನ್ ಕಾಯ್ದೆ. ಮಾಮೂಲಾಗಿ 6 ವರ್ಷ. ತಡವಾಗಿ ಗೊತ್ತಾಗಿದ್ದರೆ, ಗೊತ್ತಾದ ದಿನದಿಂದ 3 ವರ್ಷ ಸಿಗಬಹುದು, ಆದರೆ ತಪ್ಪು ನಡೆದು 15 ವರ್ಷ ದಾಟಿರಬಾರದು. ಗೊತ್ತಾದ ದಿನ ಅಂದರೆ ವಕೀಲರು ಬಿಡಿಸಿ ಹೇಳಿದ ದಿನ ಅಂತ ನಂಬಿ ಕೂರಬೇಡಿ. ಪಕ್ಕದ ಮನೆಯವರು "ಇದು ನಮ್ಮ ಜಾಗ" ಅಂತ ಚೀಟಿ ಹಾಕಿದ ದಿನದಿಂದಲೇ ಎಣಿಕೆ ಶುರುವಾಗಬಹುದು.

"ನಾವೇ ಸರಿ ಮಾಡಿಕೊಡ್ತೀವಿ" ಅಂತ ಅದೇ ಸಾಲಿಸಿಟರ್ ಫೋನ್ ಮಾಡಿದರೆ ಸುಮ್ನೆ ಹೂಂ ಅನ್ನಬೇಡಿ. ಈಗ ಅವರ ಹಿತ ಬೇರೆ, ನಿಮ್ಮ ಹಿತ ಬೇರೆ. ಬೇರೆ ವಕೀಲರಿಗೆ ತೋರಿಸಿ. ಸಾಲಿಸಿಟರ್ ಸಂಸ್ಥೆಗಳಿಗೆ ವಿಮೆ ಕಡ್ಡಾಯ, ಹಾಗಾಗಿ ದುಡ್ಡು ಎಲ್ಲಿಂದ ಬರುತ್ತೆ ಅನ್ನುವ ಚಿಂತೆ ಕಡಿಮೆ. ಸಣ್ಣ ಮೊತ್ತವಾದರೆ, ವಕೀಲರ ಸೇವೆ ಬಗ್ಗೆ ದೂರು ವಿಚಾರಿಸುವ ಲೀಗಲ್ ಓಂಬುಡ್ಸ್‌ಮನ್ ದಾರಿಯೂ ಇದೆ, ದೂರು ಕೊಡಲು ಖರ್ಚಿಲ್ಲ. ಮೊದಲು ಸಾಲಿಸಿಟರ್ ಸಂಸ್ಥೆಗೇ ದೂರು ಕೊಟ್ಟು, ಉತ್ತರಕ್ಕೆ 8 ವಾರದವರೆಗೆ ಕಾಯಬೇಕು. ಓಂಬುಡ್ಸ್‌ಮನ್ ಕೊಡಿಸುವ ಪರಿಹಾರದ ಮಿತಿ 50,000 ಪೌಂಡ್.

ನಮ್ಮ ದಂಪತಿ ವಿಷಯದಲ್ಲಿ, ಪಕ್ಕದವರೇ ಕೊನೆಗೆ ಆ ತುಂಡು ಜಾಗ ಮಾರಲು ಒಪ್ಪಿದರು. ವಿಮಾ ಕಂಪನಿ ಅದರ ಬೆಲೆ, ನೋಂದಣಿ ಖರ್ಚು ಎರಡನ್ನೂ ಕಟ್ಟಿತು. ಹೊಸ ನಕ್ಷೆ ಬಂದ ದಿನವೇ ಅವರಿಗೆ ಕಳಿಸಿ, ಗೆರೆ ಸರಿ ಇದೆಯಾ ನೋಡಿ ಅಂತ ಬರೆದೆ. ಈ ಸಲ ಇಬ್ಬರೂ ಟೇಪು ಹಿಡಿದು ಅಳೆದು, ಆಮೇಲೆ ಉತ್ತರ ಕಳಿಸಿದರು.