ಬೀದರ್ ಆಕಾಶದ ಹಾಕ್ ಬೇರೆ, ವಿಕ್ರಾಂತದ ಸೀ ಹಾಕ್ ಬೇರೆ

1971ರ ಯುದ್ಧದಲ್ಲಿ ವಿಕ್ರಾಂತ ಎಂಬ ವಿಮಾನವಾಹಕ ಹಡಗಿನಿಂದ ಹಾರಿದ ಪೈಲಟ್ ಒಬ್ಬರ ಗೌರವಕ್ಕೆ ಚಿತ್ರ ಬರೆಸಬೇಕೆಂದು ಬೀದರ್, ಕಲಬುರಗಿ ಕಡೆಯ ಮನೆಯವರು ಬಂದಾಗ ಜೊತೆಗೆ ಮೊಬೈಲ್‌ನಲ್ಲಿ ಒಂದು ಫೋಟೊ ತಂದಿರುತ್ತಾರೆ. ಹತ್ತಕ್ಕೆ ಎಂಟು ಸಲ ಅದು ಹಾಕ್. ಬೀದರ್ ವಾಯುನೆಲೆಯ ಮೇಲೆ ದಿನಾ ಹಾರುವುದು, ವಾಯುಪಡೆಯ ಸೂರ್ಯಕಿರಣ ಪ್ರದರ್ಶನ ತಂಡದವರು ಕೆಂಪು-ಬಿಳಿ ಬಣ್ಣದಲ್ಲಿ ಹಾರಿಸುವುದು ಅದನ್ನೇ. ವಿಕ್ರಾಂತದಿಂದ ಹಾರುತ್ತಿದ್ದ ಜೆಟ್ ಯುದ್ಧವಿಮಾನ ಸೀ ಹಾಕ್. ಹೆಸರು ಹತ್ತಿರ ಇದೆ, ವಿಮಾನ ಹತ್ತಿರ ಇಲ್ಲ. 'ಅದೇ ಹಾಕ್ ಅಲ್ಲೇನ್ರೀ, ಸಮುದ್ರದ್ದು ಅಂತ ಸೀ ಹಾಕ್ ಅಂದಾರ' ಅಂತಾರೆ. ಅಲ್ಲ. ಇದೊಂದನ್ನು ಎಷ್ಟು ಸಲ ಹೇಳಿದರೂ ಸಾಲದು.

ಬೀದರಿನ ಹಾಕ್ ತರಬೇತಿ ವಿಮಾನ: ಹಿಂದೆ-ಮುಂದೆ ಇಬ್ಬರು ಕೂರುತ್ತಾರೆ, ರೆಕ್ಕೆ ಹಿಂದಕ್ಕೆ ಬಾಗಿದೆ, ಇಂಜಿನ್ನಿನ ಬಿಸಿಗಾಳಿ ಬಾಲದ ತುದಿಯಿಂದ ಬರುತ್ತದೆ. ವಾಯುಪಡೆಗೆ ಅದು ಬಂದದ್ದು 2008ರಲ್ಲಿ. ಸೀ ಹಾಕ್ ಮೊದಲು ಹಾರಿದ್ದು 1947ರಲ್ಲಿ. ಒಬ್ಬರೇ ಪೈಲಟ್, ನೇರ ರೆಕ್ಕೆ. ಒಳಗಿನ 'ನೀನ್' ಹೆಸರಿನ ಜೆಟ್ ಇಂಜಿನ್ನಿನ ಹೊಗೆಕೊಳವೆ ಎರಡಾಗಿ ಸೀಳಿ, ಎಡಬಲದ ರೆಕ್ಕೆ ಬುಡದ ಹಿಂಭಾಗದಲ್ಲಿ ಹೊರಗೆ ತೆರೆಯುತ್ತದೆ. ಬಾಲದ ತುದಿಯಲ್ಲಿ ತೂತೇ ಇಲ್ಲ. ಬಾಲದ ಅಡ್ಡರೆಕ್ಕೆ ಲಂಬರೆಕ್ಕೆಯ ನಡು ಎತ್ತರದಲ್ಲಿ ಕೂತಿದೆ, ಬುಡದಲ್ಲಲ್ಲ. ಈ ನಾಲ್ಕನ್ನು ನೋಡದೆ ಪೆನ್ಸಿಲ್ ಮುಟ್ಟಬಾರದು.

'ಹಿಂದ ಬೆಂಕಿ ಬರಂಗ ಹಾಕ್ರಿ, ಚಂದ ಕಾಣ್ತದ' ಎಂಬ ಬೇಡಿಕೆಗೂ ಇಲ್ಲೇ ಉತ್ತರವಿದೆ. ಈ ಇಂಜಿನ್ನಿಗೆ ಆಫ್ಟರ್‌ಬರ್ನರ್ (ಹೊಗೆಕೊಳವೆಯಲ್ಲಿ ಮತ್ತೆ ಇಂಧನ ಉರಿಸಿ ವೇಗ ಕೊಡುವ ಸಾಧನ) ಇರಲಿಲ್ಲ, ಹಾಗಾಗಿ ಕಿತ್ತಳೆ ಜ್ವಾಲೆಯೂ ಇಲ್ಲ. ಹೆಚ್ಚೆಂದರೆ ರೆಕ್ಕೆ ಬುಡದ ಹಿಂದೆ ತೆಳುವಾದ ಕಂದು ಮಬ್ಬು ಕೊಡಬಹುದು. ಬೆಂಕಿ ಹಾಕಿದ ಚಿತ್ರವನ್ನು ಆ ಹಡಗಿನಲ್ಲಿ ಕೆಲಸ ಮಾಡಿದವರು ಕಂಡರೆ ಮುಖ ತಿರುಗಿಸಿಬಿಡುತ್ತಾರೆ. ಗೌರವಕ್ಕೆಂದು ಬರೆಸಿದ ಚಿತ್ರಕ್ಕೆ ಆ ಗತಿ ಬರಬಾರದು.

ವಿಮಾನ ಸರಿಯಾದರೂ ಹಡಗಿನಲ್ಲಿ ಎಡವುತ್ತಾರೆ. ವಿಕ್ರಾಂತ ಹೆಸರಿನ ಹಡಗುಗಳು ಎರಡು. 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ ಹೊಸದರ ಮೂತಿ ಮೇಲಕ್ಕೆ ಎದ್ದಿದೆ. 1961ರ ಹಳೆಯದರ ಫೋಟೊ ಸಿಕ್ಕಿತೆಂದು ನಿಶ್ಚಿಂತರಾಗಬೇಡಿ. ಅದಕ್ಕೂ 1980ರ ದಶಕದ ಕೊನೆಯಲ್ಲಿ ಸೀ ಹ್ಯಾರಿಯರ್ ಎಂಬ ಜೆಟ್‌ಗಳಿಗೆಂದು ಎದ್ದ ಮೂತಿ ಕಟ್ಟಿದರು. 1971ರಲ್ಲಿ ಮೂತಿ ಚಪ್ಪಟೆ. ವಿಮಾನವನ್ನು ಎಸೆಯುತ್ತಿದ್ದದ್ದು ಹಬೆಯಿಂದ ಓಡುವ ಕ್ಯಾಟಪಲ್ಟ್. ಹಡಗಿನ ಧ್ವಜವೂ ಹಾಗೆಯೇ: ಈಗಿನದು 2022ರ ವಿನ್ಯಾಸ. 1971ರಲ್ಲಿ ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ, ಮೂಲೆಯಲ್ಲಿ ತ್ರಿವರ್ಣ ಇತ್ತು. ಮೂತಿಯ ಕಡೆ ಮುಖ ಮಾಡಿ ನಿಂತರೆ ಡೆಕ್ಕಿನ ಮೇಲಿನ ಗೋಪುರ ಬಲಕ್ಕಿರಬೇಕು. ವಾಟ್ಸಾಪಿನಲ್ಲಿ ಸುತ್ತಾಡಿ ಬಂದ ಫೋಟೊ ಎಷ್ಟೋ ಸಲ ಕನ್ನಡಿಯಂತೆ ತಿರುಗಿರುತ್ತದೆ.

ಇನ್ನು ಅಳತೆ. ಹಡಗು 213 ಮೀಟರ್, ಸೀ ಹಾಕ್ 12 ಮೀಟರ್ ಚಿಲ್ಲರೆ, ಅಂದರೆ ಸುಮಾರು ಹದಿನೆಂಟು ಪಟ್ಟು. 36 ಇಂಚಿನ ಕ್ಯಾನ್ವಾಸಿನಲ್ಲಿ ಹಡಗನ್ನು ಬದಿಯಿಂದ 27 ಇಂಚು ಬರೆದರೆ ಡೆಕ್ಕಿನ ಮೇಲಿನ ವಿಮಾನ ಒಂದೂವರೆ ಇಂಚು. 'ದೊಡ್ಡಪ್ಪಂದು ಇಷ್ಟು ಸಣ್ಣದೇನ್ರೀ' ಎಂದು ಬೇಸರವಾಗುತ್ತದೆ, ಆ ಬೇಸರ ಅರ್ಥವಾಗುತ್ತದೆ. ಅದಕ್ಕೆ ಡೆಕ್ಕಿನ ವಿಮಾನವನ್ನು ಹಿಗ್ಗಿಸಬೇಡಿ, ಹಾರುತ್ತಿರುವ ವಿಮಾನವನ್ನು ಮುಂದಕ್ಕೆ ತನ್ನಿ. ವಿಮಾನವೂ ಹಡಗೂ ಚಿತ್ರದಲ್ಲಿ ಒಂದೇ ಉದ್ದ ಕಾಣಬೇಕೆಂದರೆ ಹಡಗು ಹದಿನೆಂಟು ಪಟ್ಟು ದೂರ ಇರಬೇಕು: ವಿಮಾನ ನಿಮ್ಮಿಂದ 40 ಮೀಟರ್ ಇದ್ದರೆ ಹಡಗು 700 ಮೀಟರ್. ನೋಡುವ ಕಣ್ಣು ಎತ್ತರದಲ್ಲಿದೆ, ಆದ್ದರಿಂದ ದಿಗಂತರೇಖೆ ಹಡಗಿಗಿಂತ ಮೇಲೆ ಹಾದು, ಅದೇ ಎತ್ತರದಲ್ಲಿ ಹಾರುವ ವಿಮಾನದ ನಡುವೆ ಬರಬೇಕು. ದಿಗಂತವನ್ನು ಹಡಗಿನ ಬುಡಕ್ಕೆ ಎಳೆದರೆ ಹಡಗು ಕೆರೆಯ ದಂಡೆಗೆ ನಿಲ್ಲಿಸಿದ ಆಟಿಕೆಯಾಗುತ್ತದೆ.

ವಿಮಾನ ಬಿಡುವಾಗ ಹಡಗು ಗಾಳಿಗೆ ಎದುರಾಗಿ ಓಡುತ್ತದೆ. ಧ್ವಜ, ಚಿಮಣಿ ಹೊಗೆ ಎರಡೂ ಹಿಂದಕ್ಕೇ ಹೋಗಬೇಕು, ಹಿಂದಿನ ನೊರೆಗೆರೆ ನೇರವಿರಬೇಕು. ಆ ಯುದ್ಧದ ಹೊತ್ತಿಗೆ ವಿಕ್ರಾಂತದ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ಣ ವೇಗ ಸಾಧ್ಯವಿರಲಿಲ್ಲ. ಮೂತಿಗೆ ಬೆಟ್ಟದಂಥ ಅಲೆ ಬರೆಯಬೇಡಿ. ಅಷ್ಟು ಕಡಿಮೆ ವೇಗದ ಹಡಗಿನಿಂದ ಅವರು ಹಾರಿ ಹೋಗಿ ಬಂದರೆಂಬುದೇ ಆ ಸೇವೆಯ ತೂಕ. ಅದು ಸಣ್ಣ ಅಲೆಯಲ್ಲೇ ಕಾಣುತ್ತದೆ.

ಇನ್ನು ಬೆಳಕು. ಡಿಸೆಂಬರ್ 4ರಂದು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಮೇಲೆ ವಿಕ್ರಾಂತದ ವಿಮಾನಗಳ ದಾಳಿ ಮಧ್ಯಾಹ್ನಕ್ಕೆ ಮುಂಚೆ ನಡೆಯಿತು. ಆ ಅಕ್ಷಾಂಶದಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಕ್ಷಿಣಕ್ಕೆ ಸುಮಾರು 46 ಡಿಗ್ರಿ ಎತ್ತರ. ನೆರಳು ಉತ್ತರಕ್ಕೆ, ವಸ್ತುವಿನ ಎತ್ತರದಷ್ಟೇ ಉದ್ದ. ಕಲಬುರಗಿಯ ಮಾಳಿಗೆ ಮೇಲೆ ಅದೇ ತಿಂಗಳು ಕೋಲು ನೆಟ್ಟು ನೋಡಿ. ನೆರಳು ಸ್ವಲ್ಪ ಗಿಡ್ಡ ಬರುತ್ತದೆ, ಬೆಳಕಿನ ಜಾಡು ಮಾತ್ರ ಅದೇ. ನಮ್ಮ ಮೇ ತಿಂಗಳ ನೆತ್ತಿ ಬಿಸಿಲನ್ನು ತಂದು ಆ ಡೆಕ್ಕಿಗೆ ಸುರಿಯಬೇಡಿ. ಬಿಸಿಲುಗಾಲದಲ್ಲಿ ಕೆಲಸ ಮಾಡುವವರು ಆಕಾಶಕ್ಕೆ ಅಕ್ರಿಲಿಕ್ ಬಿಟ್ಟು ತೈಲವರ್ಣ ಹಿಡಿಯುವುದು ಒಳ್ಳೆಯದು. ಇಲ್ಲಿನ ಸೆಕೆಗೆ ಅಕ್ರಿಲಿಕ್ ಬಣ್ಣ ಬೆರೆಸುವಷ್ಟರಲ್ಲೇ ಒಣಗಿ, ಆಕಾಶ ಪಟ್ಟೆ ಪಟ್ಟೆಯಾಗುತ್ತದೆ.

ಮನೆಯವರು ಫೋಟೊಗಿಂತ ಮೊದಲು ಹುಡುಕಬೇಕಾದ್ದು ಪೈಲಟ್‌ನ ಲಾಗ್‌ಬುಕ್. ತಾರೀಖು, ವಿಮಾನದ ಜಾತಿ, ನಂಬರು, ಕೆಲಸ, ಹಾರಿದ ಹೊತ್ತು ಎಲ್ಲ ಅದರಲ್ಲಿರುತ್ತದೆ. ಅವರು ಹಾರಿಸಿದ್ದು ಸೀ ಹಾಕ್ ಆಗಿರದೆ ಪ್ರೊಪೆಲರ್ ಇರುವ, ಮೂವರು ಕೂರುವ ಅಲೀಝೆ ಆಗಿರಬಹುದು, ಎರಡೂ ವಿಕ್ರಾಂತದಲ್ಲಿದ್ದವು. ಎರಡನ್ನೂ ಕಣ್ಣಾರೆ ನೋಡಲು ಗೋವಾದ ನೌಕಾ ವಾಯುಯಾನ ಸಂಗ್ರಹಾಲಯಕ್ಕೆ ಹೋಗಬಹುದು. ದರ್ಜೆ ಬರೆಯುವಾಗ ಲೆಫ್ಟಿನೆಂಟ್, ಲೆಫ್ಟಿನೆಂಟ್ ಕಮಾಂಡರ್ ಎಂದಿರಲಿ; ಫ್ಲೈಟ್ ಲೆಫ್ಟಿನೆಂಟ್ ವಾಯುಪಡೆಯದು. ಲಾಗ್‌ಬುಕ್ ಸಿಗದಿದ್ದರೆ ವಿಮಾನದ ನಂಬರನ್ನು ಅಂದಾಜಿಗೆ ಬರೆಯದೆ, ಆ ಭಾಗ ನೆರಳಿಗೆ ಬರುವಂತೆ ವಿಮಾನವನ್ನು ಓರೆ ತಿರುಗಿಸಿ ಬರೆಸಿ.