ಸೋಮವಾರ ಮಾತ್ರ ಸ್ಟಾರ್ಟ್ ಆಗದ ಬೈಕು: ಫಾಗ್ ಲೈಟ್ ಮತ್ತು ಬ್ಯಾಟರಿ

ಚಾರ್ಮಾಡಿ ಘಾಟಿಯಲ್ಲಿ ಒಂದು ಸಂಜೆ ಮಂಜಿನಲ್ಲಿ ಸಿಕ್ಕಿಹಾಕಿಕೊಂಡ ಮೇಲೆ ನನ್ನ ಬೈಕಿಗೆ ಎರಡು ಎಲ್‌ಇಡಿ ಫಾಗ್ ಲೈಟ್ ಹಾಕಿಸಿದೆ. ಬೆಳಕು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅಲ್ಲಿಂದ ಪ್ರತಿ ಸೋಮವಾರ ಬೆಳಿಗ್ಗೆ ಸೆಲ್ಫ್ ಒತ್ತಿದರೆ ಕಟಕಟ ಸದ್ದು ಮಾತ್ರ. ಮಂಗಳವಾರದಿಂದ ಶನಿವಾರದವರೆಗೆ ಏನೂ ತಕರಾರಿಲ್ಲ. ಲೈಟ್ ಹಾಕಿದವರನ್ನು ಕೇಳಿದರೆ "ಬ್ಯಾಟರಿ ಹೋಗಿದೆ ಸಾರ್, ಬದಲಾಯಿಸಿ" ಎಂದರು. ಬದಲಾಯಿಸಿದೆ. ಹೊಸ ಬ್ಯಾಟರಿಯೂ ಮುಂದಿನ ಸೋಮವಾರ ಮಲಗಿತು. ದುಡ್ಡು ಹೋದ ಮೇಲೆ ಮಲ್ಟಿಮೀಟರ್ ಹಿಡಿದು ಕೂತೆ. ಆಗ ಕಲಿತದ್ದನ್ನು, ನನ್ನ ಹಾಗೆ ಈಗಷ್ಟೇ ವೈರಿಂಗ್ ಕಲಿಯುತ್ತಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪ್ರಶ್ನೆ: ನಿಂತಾಗ ಇಳಿಯುತ್ತದೋ, ಓಡುವಾಗ ತುಂಬುತ್ತಿಲ್ಲವೋ?

"ಬ್ಯಾಟರಿ ಇಳಿಯುತ್ತದೆ" ಎಂದು ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಆದರೆ ಇಲ್ಲಿ ಎರಡು ಬೇರೆ ಕಾಯಿಲೆಗಳಿವೆ. ಒಂದು, ಕೀ ತೆಗೆದ ಮೇಲೂ ಯಾವುದೋ ದಾರಿಯಲ್ಲಿ ಕರೆಂಟ್ ಹರಿಯುತ್ತಿರುವುದು. ಇನ್ನೊಂದು, ಎಂಜಿನ್ ಓಡುವಾಗ ಉತ್ಪಾದನೆಗಿಂತ ಖರ್ಚೇ ಜಾಸ್ತಿಯಾಗಿ ಬ್ಯಾಟರಿ ತುಂಬದಿರುವುದು. ಹೊರಗೆ ಕಾಣುವ ಲಕ್ಷಣ ಒಂದೇ, ಸೆಲ್ಫ್ ಹೊಡೆಯಲ್ಲ. ಮದ್ದು ಮಾತ್ರ ಪೂರ್ತಿ ಬೇರೆ.

ಬೇರೆ ಮಾಡುವುದು ಸುಲಭ. ರಾತ್ರಿ ಗಾಡಿ ನಿಲ್ಲಿಸಿ ಒಂದು ಗಂಟೆ ಬಿಟ್ಟು ಬ್ಯಾಟರಿಯ ವೋಲ್ಟೇಜ್ ನೋಡಿ, ಬರೆದಿಡಿ. ಬೆಳಿಗ್ಗೆ ಕೀ ಹಾಕುವ ಮೊದಲು ಮತ್ತೆ ನೋಡಿ. ನಮ್ಮ ಬೈಕುಗಳಲ್ಲಿರುವ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ತುಂಬಿದ್ದರೆ ಸುಮಾರು 12.6ರಿಂದ 12.8 ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿ. 12ಕ್ಕೆ ಬಂದರೆ ಕಾಲು ಭಾಗ ಉಳಿದಿದೆ ಅಂತ ಲೆಕ್ಕ. ರಾತ್ರಿ 12.6 ಇದ್ದದ್ದು ಬೆಳಿಗ್ಗೆಯೂ ಅಷ್ಟೇ ಇದ್ದರೆ ಸೋರಿಕೆ ಇಲ್ಲ, ಚಾರ್ಜಿಂಗ್ ಕಡೆ ಹುಡುಕಬೇಕು. ನನ್ನದು ರಾತ್ರಿ 12.6 ಇದ್ದದ್ದು ಬೆಳಿಗ್ಗೆ 12.4 ಆಗಿತ್ತು. ಅಂದರೆ ನಿಂತಲ್ಲೇ ಸೋರುತ್ತಿತ್ತು.

ಸೋರಿಕೆ ಅಳೆಯುವುದು

ಕೀ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ನೆಗೆಟಿವ್ ಯಾಕೆ ಅಂದರೆ, ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ ನೇರ ಶಾರ್ಟ್. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ. ಈಗ ಮೀಟರ್, ಬಿಚ್ಚಿದ ವೈರಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವೆ ಬರಬೇಕು. ಕರೆಂಟೆಲ್ಲ ಮೀಟರಿನ ಮೂಲಕವೇ ಹಾದುಹೋಗಲಿ. ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇರುವ ಗಾಡಿಯಾದರೆ ಅದು ಮಲಗುವವರೆಗೆ ಕೆಲವು ನಿಮಿಷ ಕಾಯಿರಿ. ಮೀಟರ್ ನಡುವೆ ಇರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಒತ್ತಬೇಡಿ, ಒಳಗಿನ ಫ್ಯೂಸ್ ಅಲ್ಲೇ ಹಾರಿಹೋಗುತ್ತದೆ.

ಇನ್ನೊಂದು ಮಾತು, ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ಕೆಲಸ ಮುಗಿದ ಕೂಡಲೇ ಕೆಂಪು ವೈರನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿ. ಮರೆತು ಹಾಗೇ ಬ್ಯಾಟರಿಯ ಎರಡು ತುದಿಗೆ ಇಟ್ಟರೆ, ಬ್ಯಾಟರಿಯನ್ನು ಮೀಟರಿನಿಂದಲೇ ಶಾರ್ಟ್ ಮಾಡಿದ ಹಾಗೆ. ಕಿಡಿ ಹಾರಿದ್ದು ನೋಡಿ ಪಕ್ಕದ ಮನೆ ಅಜ್ಜಿ ದೀಪಾವಳಿನಾ ಅಂತ ಕೇಳಿದರು.

ಗಡಿಯಾರ, ಇಸಿಯು ಇರುವ ಬೈಕಿನಲ್ಲಿ ಕೆಲವು ಮಿಲಿಆಂಪಿಯರ್ ಹರಿಯುವುದು ಸಹಜ. ನನ್ನದು ತೋರಿಸಿದ್ದು 0.16 ಆಂಪಿಯರ್, ಅಂದರೆ 160 ಮಿಲಿಆಂಪಿಯರ್. ಲೈಟ್ ಆಫ್ ಇದೆ, ಕೀ ಜೇಬಿನಲ್ಲಿದೆ. ಫಾಗ್ ಲೈಟಿನ ಫ್ಯೂಸ್ ಕಿತ್ತೆ. ಎಲ್ಲೋ ಒಳಗೆ 'ಟಕ್' ಎಂದು ಸಣ್ಣ ಸದ್ದು. ಮೀಟರ್ 2 ಮಿಲಿಆಂಪಿಯರಿಗೆ ಇಳಿಯಿತು. ಆ ಸದ್ದೇ ಕಳ್ಳನ ವಿಳಾಸ ಹೇಳಿತು. ಕಿತ್ತಾಗ ಟಕ್ ಅಂದಿದ್ದೆಂದರೆ, ಅಲ್ಲಿಯವರೆಗೂ ರಿಲೇ ಎಳೆದುಕೊಂಡೇ ಇತ್ತು.

ರಿಲೇ ಒಳಗೆ ಏನಾಗುತ್ತಿತ್ತು

ರಿಲೇಯಲ್ಲಿ ಎರಡು ಭಾಗ. 85 ಮತ್ತು 86 ನಂಬರಿನ ಕಾಲುಗಳ ನಡುವೆ ಒಂದು ಸಣ್ಣ ಕಾಯಿಲ್. 30 ಮತ್ತು 87ರ ನಡುವೆ ದೊಡ್ಡ ಸ್ವಿಚ್. ಕಾಯಿಲಿಗೆ ಚೂರು ಕರೆಂಟ್ ಕೊಟ್ಟರೆ ಅದು ಅಯಸ್ಕಾಂತವಾಗಿ ದೊಡ್ಡ ಸ್ವಿಚ್ಚನ್ನು ಎಳೆದು ಮುಚ್ಚುತ್ತದೆ. ಹ್ಯಾಂಡಲ್ ಮೇಲಿನ ಪುಟ್ಟ ಸ್ವಿಚ್ಚಿಗೆ ಹೊರೆ ಬೀಳದಿರಲಿ ಎಂದೇ ಈ ಏರ್ಪಾಡು.

ನನ್ನ ಗಾಡಿಯಲ್ಲಿ ಹ್ಯಾಂಡಲ್ ಸ್ವಿಚ್ಚನ್ನು ಕಾಯಿಲಿನ ದಾರಿಯಲ್ಲಿ ಹಾಕುವ ಬದಲು 87ರಿಂದ ಲೈಟಿಗೆ ಹೋಗುವ ದಾರಿಯಲ್ಲಿ ಹಾಕಿದ್ದರು. ಕಾಯಿಲಿಗೆ ಫ್ಯೂಸಿನಿಂದ ನೇರ ಲೈನ್. ಸ್ವಿಚ್ ಆಫ್ ಮಾಡಿದರೆ ಲೈಟ್ ಆರುತ್ತಿತ್ತು, ಸರಿ. ಆದರೆ ಕಾಯಿಲ್ ಹಗಲೂ ರಾತ್ರಿ ಎಳೆದುಕೊಂಡೇ ಇರುತ್ತಿತ್ತು. ರಿಲೇ ಹಾಕಿದ ಉದ್ದೇಶವೂ ಹಾಳು, ಪೂರ್ತಿ ಕರೆಂಟ್ ಪುಟ್ಟ ಸ್ವಿಚ್ಚಿನ ಮೇಲೇ. ಕಾಯಿಲಿನ ರೆಸಿಸ್ಟೆನ್ಸ್ ಅಳೆದೆ, 80 ಓಮ್. 12.6ನ್ನು 80ರಿಂದ ಭಾಗಿಸಿ ನೋಡಿ, ಹೆಚ್ಚುಕಮ್ಮಿ ಅದೇ 0.16. ಮೀಟರ್ ಹೇಳಿದ್ದಕ್ಕೂ ಓಮ್ ನಿಯಮಕ್ಕೂ ತಾಳೆಯಾದ ಆ ಕ್ಷಣ ನನಗೆ ಬೈಕ್ ರಿಪೇರಿಗಿಂತ ಜಾಸ್ತಿ ಖುಷಿ ಕೊಟ್ಟಿತು.

ಸೋಮವಾರದ ಗುಟ್ಟೂ ಈ ಲೆಕ್ಕದಲ್ಲೇ ಇದೆ. ಶನಿವಾರ ಸಂಜೆ 6ಕ್ಕೆ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ 8ಕ್ಕೆ 38 ಗಂಟೆ. 38ನ್ನು 0.16ರಿಂದ ಗುಣಿಸಿದರೆ 6 ಆಂಪಿಯರ್ ಅವರ್. ನನ್ನ ಬ್ಯಾಟರಿ ಇರುವುದೇ 9. ಉಳಿದ ಮೂರರಲ್ಲಿ ಸೆಲ್ಫ್ ಮೋಟರ್ ತಿರುಗಲ್ಲ. ವಾರದ ಮಧ್ಯೆ ದಿನಕ್ಕೆರಡು ಸಲ ಗಾಡಿ ಓಡುತ್ತಿದ್ದರಿಂದ ಹೋದದ್ದು ಹೇಗೋ ವಾಪಸ್ ತುಂಬುತ್ತಿತ್ತು.

ಮೀಟರ್ ಇಲ್ಲದವರಿಗೆ ಒಂದು ಉಪಾಯ: ಬೆಳಿಗ್ಗೆ ಗಾಡಿ ಮುಟ್ಟುವ ಮೊದಲು ರಿಲೇಯನ್ನು ಕೈಯಿಂದ ಮುಟ್ಟಿ. ಬೆಚ್ಚಗಿದ್ದರೆ ರಾತ್ರಿಯಿಡೀ ಅದು ಕೆಲಸ ಮಾಡಿದೆ.

ಸರಿ ಮಾಡಿದ್ದು

ಬ್ಯಾಟರಿ ಪಾಸಿಟಿವ್‌ನಿಂದ ಫ್ಯೂಸ್ ದಾಟಿ 30ಕ್ಕೆ. 87ರಿಂದ ಲೈಟಿಗೆ. 85 ಅರ್ತಿಂಗಿಗೆ, ಅಂದರೆ ಚಾಸಿಗೆ. 86ಕ್ಕೆ ಹ್ಯಾಂಡಲ್ ಸ್ವಿಚ್ ಮೂಲಕ, ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಲೈನ್. ನಾನು ಹಾರ್ನಿನ ಲೈನ್ ತೆಗೆದುಕೊಂಡೆ. ಪಾರ್ಕಿಂಗ್ ಲೈಟಿನ ವೈರ್ ಬೇಡ. ಕೆಲವು ಬೈಕುಗಳಲ್ಲಿ ಕೀಯನ್ನು ಪಾರ್ಕಿಂಗ್ ಗುರುತಿಗೆ ತಿರುಗಿಸಿ ತೆಗೆದರೂ ಆ ವೈರಿನಲ್ಲಿ ಕರೆಂಟ್ ಇರುತ್ತದೆ. ಯಾವುದೇ ವೈರ್ ಆಗಲಿ, ಕೀ ಆಫ್ ಮಾಡಿ ಟೆಸ್ಟ್ ಲ್ಯಾಂಪ್ ಹಿಡಿದು ಖಚಿತಪಡಿಸಿಕೊಳ್ಳಿ. ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ನನ್ನ ಎರಡು ಲೈಟ್ ಸೇರಿ 4.6 ಆಂಪಿಯರ್ ತಿನ್ನುತ್ತವೆ, ಫ್ಯೂಸ್ 7.5ರದ್ದು ಹಾಕಿದೆ. ಪೆಟ್ಟಿಗೆ ಮೇಲೆ ಬರೆದ ವ್ಯಾಟ್ ನಂಬಬೇಡಿ, ಅಳೆದು ನೋಡಿ. ನನ್ನದರಲ್ಲಿ ಬರೆದದ್ದಕ್ಕೂ ಅಳೆದದ್ದಕ್ಕೂ ಸಂಬಂಧವೇ ಇರಲಿಲ್ಲ.

ಫಾಗ್ ಲೈಟಿನ ಫ್ಯೂಸ್ ಕಿತ್ತರೂ ನಿಮ್ಮಲ್ಲಿ ಸೋರಿಕೆ ನಿಲ್ಲದಿದ್ದರೆ? ಮೊಬೈಲ್ ಚಾರ್ಜರ್ ನೇರ ಬ್ಯಾಟರಿಗೆ ಕೊಟ್ಟಿದೆಯಾ ನೋಡಿ. ಆಮೇಲೆ ಆರ್‌ಆರ್ ಯೂನಿಟ್ಟಿನ (ಎಂಜಿನ್ನಿನಿಂದ ಬರುವ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಮಾಡಿ ಕೊಡುವ ರೆಗ್ಯುಲೇಟರ್ ರೆಕ್ಟಿಫೈಯರ್) ಕಪ್ಲರ್ ಬಿಚ್ಚಿ. ಒಳಗಿನ ಡಯೋಡ್ ಹಾಳಾಗಿದ್ದರೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ, ಬಿಚ್ಚಿದ ಕೂಡಲೇ ಮೀಟರ್ ಇಳಿಯುತ್ತದೆ.

ಇನ್ನೊಂದು ಕಾಯಿಲೆ: ತುಂಬದ ಬ್ಯಾಟರಿ

ಸೋರಿಕೆ ನಿಂತ ಮೇಲೆ ಇದನ್ನೂ ನೋಡೋಣ ಅನಿಸಿತು. ಎಂಜಿನ್ ಚಾಲೂ ಮಾಡಿ ಬ್ಯಾಟರಿಯ ತುದಿಗಳಲ್ಲೇ ವೋಲ್ಟೇಜ್ ಹಿಡಿದೆ. ಫಾಗ್ ಲೈಟ್ ಆಫ್, ಐಡಲ್‌ನಲ್ಲಿ 13.6. ಆನ್ ಮಾಡಿದರೆ 12.5. ಆಕ್ಸಿಲರೇಟರ್ ತಿರುಗಿಸಿ 4000 ಆರ್‌ಪಿಎಂಗೆ ಏರಿಸಿದರೆ 13.9. ಕರೆಂಟ್ ಉತ್ಪಾದಿಸುವ ಮ್ಯಾಗ್ನೆಟ್ ಕಾಯಿಲ್ ಎಂಜಿನ್ ವೇಗಕ್ಕೆ ತಕ್ಕಂತೆ ಕೊಡುತ್ತದೆ, ಐಡಲ್‌ನಲ್ಲಿ ಬಡತನ. ಅದರಲ್ಲೂ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಯಾವಾಗಲೂ ಉರಿಯುತ್ತಲೇ ಇರಬೇಕು. ಫ್ಯೂಯಲ್ ಇಂಜೆಕ್ಷನ್ ಗಾಡಿಯಾದರೆ ಪೆಟ್ರೋಲ್ ಪಂಪ್, ಇಸಿಯು ಖರ್ಚು ಬೇರೆ. ಹಾಗಾಗಿ ಘಾಟಿಯಲ್ಲಿ ಓಡುವಾಗ ಫಾಗ್ ಲೈಟಿನಿಂದ ತೊಂದರೆ ಇಲ್ಲ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ಮುಕ್ಕಾಲು ಗಂಟೆ ಸುಮ್ನೆ ಉರಿಸಿಕೊಂಡು ನಿಂತರೆ ಬ್ಯಾಟರಿಯಿಂದಲೇ ಹೋಗುತ್ತದೆ. 4000 ಆರ್‌ಪಿಎಂನಲ್ಲೂ 13.5 ದಾಟದಿದ್ದರೆ ಮಾತ್ರ ಮ್ಯಾಗ್ನೆಟ್ ಕಾಯಿಲ್, ಆರ್‌ಆರ್ ಯೂನಿಟ್ ಅನುಮಾನಿಸಿ.

ಹಲವು ಸಲ ಪೂರ್ತಿ ಇಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಚಾರ್ಜ್ ಮಾಡಿದರೆ 12.7 ತೋರಿಸುತ್ತದೆ, ಸೆಲ್ಫ್ ಹೊಡೆದರೆ 9ಕ್ಕೆ ಕುಸಿಯುತ್ತದೆ. ನನ್ನ ಹಳೇ ಬ್ಯಾಟರಿಯನ್ನು 0.9 ಆಂಪಿಯರಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿ ಪರೀಕ್ಷಿಸಿದೆ. ಸೆಲ್ಫ್ ಹೊಡೆಯುವಾಗ 10.4 ನಿಂತಿತು. ಚೆನ್ನಾಗಿಯೇ ಇತ್ತು, ಪಾಪ! ಈಗ ಅದೇ ಬೈಕಿನಲ್ಲಿದೆ. ಹೊಸದು ಭಾವನ ಗಾಡಿಗೆ ಹೋಯಿತು. ಕಳೆದ ಸೋಮವಾರ ಬೆಳಿಗ್ಗೆ ವೋಲ್ಟೇಜ್ 12.6, ರಿಲೇ ತಣ್ಣಗಿತ್ತು.